ಆಡು ಮುಟ್ಟದ ಸೊಪ್ಪು

ಕನ್ನಡ ಅಧ್ಯಾಪಕರ ಭಾಷಣಗಳಲ್ಲಿ ಕೆಲವು ಗಾದೆಗಳಿಗೆ ವಿಶ್ರಾಂತಿಯೆಂಬುದೇ ಇಲ್ಲ. 'ಆಡು ಮುಟ್ಟದ ಸೊಪ್ಪಿಲ್ಲ' ಎಂಬುದು ಅಂಥವುಗಳಲ್ಲೊಂದು. ಶಿವರಾಮ ಕಾರಂತರ ಜನ್ಮದಿನ ಬಂತೆಂದರೆ ಈ ಆಡು ನಾಡಿನ ಎಲ್ಲ ವೇದಿಕೆಗಳನ್ನೂ ಏಕಕಾಲಕ್ಕೆ ಏರಿ ನಿಲ್ಲುತ್ತದೆ. ಕಾದಂಬರಿ, ನಾಟಕ, ಯಕ್ಷಗಾನ, ಮಕ್ಕಳ ಪುಸ್ತಕ, ವಿಜ್ಞಾನ, ಚಲನಚಿತ್ರ ಎಂದು ಪಟ್ಟಿ ಮಾಡಿ, ಗಾದೆ ಹೇಳಿ, ಚಪ್ಪಾಳೆ ಗಿಟ್ಟಿಸಿ ಕೆಳಗಿಳಿದವರಲ್ಲಿ ನಾನೂ ಒಬ್ಬ. ಆದರೆ ಆ ಆಡಿಗೆ ಇನ್ನೊಂದು ಪಾಡೂ ಇದೆ. ಹತ್ತು ಸೊಪ್ಪಿಗೆ ಬಾಯಿ ಹಾಕಿದವನು ದೊಡ್ಡವನಾದರೆ ಅದು ಪ್ರತಿಭೆ. ಏಳನೆಯ ತರಗತಿಯ ಹುಡುಗನಾದರೆ ಮಂಗಚೇಷ್ಟೆ, ಮೈಗಳ್ಳತನ, ಕಡೆಗೆ ಬೆತ್ತದೇಟು.

ನಾನು ಹೇಳಹೊರಟಿರುವುದು ಅಂಥ ಒಬ್ಬ ಹುಡುಗನ ವಿಷಯ. ನಮ್ಮ ಅಕ್ಕನನ್ನು ಅರಕೇರಾಕ್ಕೆ ಕೊಟ್ಟಿದೆ. ಊರು ದೇವದುರ್ಗದ ಕಡೆಯದು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಎರೆಸೀಮೆ. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಆ ಕಡೆ ಜೋಳದ ಹೊಲಗಳ ಪಕ್ಕದಲ್ಲಿ ಭತ್ತವೂ ಕಾಣಿಸಿಕೊಂಡಿದೆ. ಬಿಸಿಲು ಮಾತ್ರ ಕಾಲುವೆಗೆ ಅಂಜಿ ಕಡಿಮೆಯಾಗಿಲ್ಲ. ಅಕ್ಕನ ಎರಡನೆಯ ಮಗನಿಗೆ ಈಗ ಹದಿನಾಲ್ಕು ವರ್ಷ. ಅಂಗಡಿಯಿಂದ ಬೆಲ್ಲ ತರಲು ಕಳಿಸಿದರೆ ಅವನು ಹೊರಡುವುದೇನೋ ಬೆಲ್ಲಕ್ಕೇ. ದಾರಿಯಲ್ಲಿ ಯಾರದೋ ಟ್ರ್ಯಾಕ್ಟರಿನ ಗಾಲಿ ಬಿಚ್ಚಿ ಹಾಕಿದ್ದರೆ ಅಲ್ಲಿ ಒಂದು ಗಳಿಗೆ. ಅಲ್ಲಿಂದ ಹುಣಸೆಮರದ ಕೆಳಗೆ ಇನ್ನೊಂದು. ಒಂದು ತಾಸಿನ ಮೇಲೆ ಅವನು ಮನೆಗೆ ಬರುವುದು ನಿಜ. ಕೈಯಲ್ಲಿ ಬೆಲ್ಲದ ಬದಲು ಒಂದು ಬೇರಿಂಗ್ ಇರುತ್ತದೆ. 'ಬೆಲ್ಲ ಎಲ್ಲೋ?' ಎಂದರೆ ಅವನ ಮುಖದಲ್ಲಿ ಮೂಡುವ ಆಶ್ಚರ್ಯ ನಟನೆಯದಲ್ಲ. ಬೆಲ್ಲವೆಂಬ ಪದಾರ್ಥ ಲೋಕದಲ್ಲಿದೆ ಎಂಬುದೇ ಅವನಿಗೆ ಆಗ ಹೊಸದಾಗಿ ತಿಳಿದಂತೆ ತೋರುತ್ತದೆ.

'ಇವನ ಕಾಲಾಗ ಚಕ್ರ ಅದ' ಎಂಬುದು ಅವನ ಅಜ್ಜಿಯ ನಿರ್ಣಯ. ತಾಯತವಾಯಿತು, ಮೊಹರಮ್ಮಿನ ದೇವರಿಗೆ ಸಕ್ಕರೆ ಓದಿಸಿದ್ದಾಯಿತು. ಶಾಲೆಯವರ ನಿರ್ಣಯ ಅಷ್ಟು ಮೃದುವಾಗಿರಲಿಲ್ಲ. ಆ ಶಾಲೆಯ ಹೆಸರು ಇಲ್ಲಿ ಬೇಡ. ಅದರ ಒಂದು ಕೋಣೆಯ ಬಾಗಿಲ ಹೊರಗೆ ಈ ಹುಡುಗ ಒಂದು ಇಡೀ ವರ್ಷ ನಿಂತು ಕಲಿತ ಎಂದರೆ ಸಾಕು. ಭಾವನವರಿಗೂ ಬೇಸರ ಬಂದಿತ್ತು. ದಾಯಾದಿಯೊಬ್ಬರ ಗೊಬ್ಬರದಂಗಡಿಯಲ್ಲಿ ಹುಡುಗನಿಗೆ ಜಾಗ ಕೇಳಿಟ್ಟಿದ್ದರು. ಈ ವರ್ಷದ ಪರೀಕ್ಷೆ ಮುಗಿದ ಮೇಲೆ ಪುಸ್ತಕಕ್ಕೆ ನಮಸ್ಕಾರ ಎಂದು ಅವರ ಲೆಕ್ಕ.

ರಾಯಚೂರಿನ ವೈದ್ಯರೊಬ್ಬರ ಮಾತಿನ ಮೇಲೆ ಒಂದು ರಾತ್ರಿಯ ಪ್ರಯಾಣ ಮಾಡಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಮಕ್ಕಳ ಮನೋವೈದ್ಯಕ್ಕೆಂದೇ ಅಲ್ಲಿ ಬೇರೆ ವಿಭಾಗವಿದೆ. ತಾಯಿಯನ್ನು ಕೇಳಿದರು, ತಂದೆಯನ್ನು ಕೇಳಿದರು, ಶಾಲೆಯ ವರದಿ ಓದಿದರು, ಹುಡುಗನ ಸಂಗಡ ಬಹಳ ಹೊತ್ತು ಮಾತಾಡಿದರು. ಕೊನೆಗೆ ಹೇಳಿದ ಹೆಸರು ಎ.ಡಿ.ಎಚ್.ಡಿ. ಗಮನ ನಿಲ್ಲದಿರುವುದು, ಮೈ ನಿಲ್ಲದಿರುವುದು, ಯೋಚನೆಗಿಂತ ಮುಂಚೆ ಕೈ ಓಡುವುದು, ಈ ಮೂರರ ಕೂಟ. ಕೆಲವರಲ್ಲಿ ಮೊದಲನೆಯದೊಂದೇ ಹೆಚ್ಚು. ಹೆಣ್ಣುಮಕ್ಕಳಲ್ಲಿ ಬಹುಮಟ್ಟಿಗೆ ಹಾಗೆಯೇ. ಅವರು ಕಿಟಕಿಯ ಪಕ್ಕದಲ್ಲಿ ಸುಮ್ಮನೆ ಕುಳಿತು ಲೋಕಾಂತರಕ್ಕೆ ಹೋಗಿಬರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಲೋಕದಲ್ಲಿ ನೂರಕ್ಕೆ ಸುಮಾರು ಐದು ಮಕ್ಕಳಿಗೆ ಇದು ಇದೆಯೆಂದು ತಿಳಿದವರ ಅಂದಾಜು. ವಂಶದಲ್ಲಿ ಹರಿದು ಬರುವುದು ಬಹಳ. ಅನೇಕರಿಗೆ ದೊಡ್ಡವರಾದ ಮೇಲೂ ಬಿಡುವುದಿಲ್ಲ. 'ಎಲ್ಲಾ ಈ ಮೊಬೈಲಿನಿಂದ' ಎಂದು ನಮ್ಮ ಕಟ್ಟೆಯ ಪಂಡಿತರು ಹೇಳುತ್ತಾರಲ್ಲ, ಅವರಿಗೆ ಒಂದು ಮಾತು: ಅಲೆಗ್ಸಾಂಡರ್ ಕ್ರೈಟನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಈ ಬಗೆಯ ಚಂಚಲ ಗಮನವನ್ನು ಪುಸ್ತಕದಲ್ಲಿ ವರ್ಣಿಸಿದ್ದು 1798ರಲ್ಲಿ. ಟಿಪ್ಪು ಸುಲ್ತಾನ ಇನ್ನೂ ಬದುಕಿದ್ದ.

ಇದರ ಕನ್ನಡ ಹೆಸರಿನಲ್ಲಿ 'ಕೊರತೆ' ಎಂಬ ಶಬ್ದ ಬರುತ್ತದೆ. ಶಬ್ದಗಳನ್ನು ತೂಗಿಯೇ ಹೊಟ್ಟೆ ಹೊರೆಯುವ ನನಗೆ ಅದು ಒಗ್ಗಲಿಲ್ಲ. ನಮ್ಮಲ್ಲಿ ಅವಧಾನವೆಂಬ ಒಂದು ಕಲೆಯೇ ಇದೆ. ಅಷ್ಟಾವಧಾನಿಯ ಸುತ್ತ ಎಂಟು ಮಂದಿ ಪೃಚ್ಛಕರು. ಒಬ್ಬ ಸಮಸ್ಯೆ ಕೊಡುತ್ತಾನೆ. ಒಬ್ಬ ಅಕ್ಷರ ನಿಷೇಧಿಸುತ್ತಾನೆ. ಒಬ್ಬ ಅಂಕಿಗಳನ್ನು ಹೆಕ್ಕಿ ಎಸೆಯುತ್ತಾನೆ. ಅವರಲ್ಲೊಬ್ಬ ಅಪ್ರಸ್ತುತ ಪ್ರಸಂಗಿ. ಅವಧಾನಿ ಪದ್ಯದ ಮೂರನೆಯ ಪಾದದಲ್ಲಿರುವಾಗ 'ಸ್ವಾಮಿ, ತಮ್ಮ ಊರಿನಲ್ಲಿ ಬದನೆಕಾಯಿ ಹೇಗೆ?' ಎಂದು ಕೇಳುವುದೇ ಅವನ ಉದ್ಯೋಗ. ಸಭೆ ನಗುತ್ತದೆ; ಅವಧಾನಿ ಅವನಿಗೊಂದು ಚಟಾಕಿ ಹಾರಿಸಿ ಪದ್ಯಕ್ಕೆ ಮರಳುತ್ತಾನೆ. ನಮ್ಮ ಹುಡುಗನ ತಲೆಯೊಳಗೆ ಉಳಿದ ಏಳು ಮಂದಿಯೂ ಇದ್ದಾರೆ. ಆದರೆ ಅಪ್ರಸ್ತುತ ಪ್ರಸಂಗಿಗೆ ಸಭೆಯ ಅಧ್ಯಕ್ಷತೆಯನ್ನೇ ಕೊಟ್ಟುಬಿಟ್ಟಿದೆ. ಗಮನ ಇಲ್ಲವೆಂದಲ್ಲ, ಯಾರು ಯಾವಾಗ ಮಾತಾಡಬೇಕೆಂದು ಹೇಳುವವರಿಲ್ಲ. ಕೊರತೆಯೆನ್ನುವುದಾದರೆ ಅಲ್ಲಿ ಎನ್ನಬೇಕು.

ಇದು ನನ್ನ ಸ್ವಂತ ಶೋಧವೆಂದು ವಾಚಕರು ಭಾವಿಸಬಾರದು. ಹುಡುಗನೇ ತೋರಿಸಿದ್ದು. ತೋರಿಸಿದ್ದು ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು, ಏಕೆಂದರೆ ಅವನು ಹೇಳಲಾರ. ಹೇಳೆಂದರೆ ಮೂರು ವಾಕ್ಯ ಶುರುಮಾಡಿ ಒಂದನ್ನೂ ಮುಗಿಸುವುದಿಲ್ಲ. ಅದರಲ್ಲಿ ಕನ್ನಡದ ಪಾಲೂ ಸ್ವಲ್ಪ ಇದೆಯೆಂದು ನನ್ನ ಗುಮಾನಿ. ನಮ್ಮ ವಾಕ್ಯದ ಕ್ರಿಯಾಪದ ಕಟ್ಟಕಡೆಗೆ ಬರುತ್ತದೆ. 'ಹಿತ್ತಲಿಗೆ ಹೋಗಿ, ಹಗ್ಗದ ಮೇಲಿನ ಪಂಚೆ ತೆಗೆದು, ಮಡಿಸಿ, ಪೆಟ್ಟಿಗೆಯ ಮೇಲಿಟ್ಟು, ದನಕ್ಕೆ ನೀರು ತೋರಿಸಿ ಬಾ' ಎಂದು ಅಕ್ಕ ಹೇಳಿದರೆ, ಅಷ್ಟನ್ನೂ ಅಂಗೈಯಲ್ಲಿ ನೀರು ಹಿಡಿದಂತೆ ಹಿಡಿದುಕೊಂಡು ಕೊನೆಯ 'ಬಾ' ತನಕ ನಡೆಯಬೇಕು. ಅವನಿಗೆ ಪಂಚೆಯ ಹತ್ತಿರವೇ ಬೆರಳು ಸಡಿಲುತ್ತದೆ. ಮಾತೆಂಬುದು ಒಂದರ ಹಿಂದೊಂದಾಗಿ ಸಾಗುವ ಇರುವೆಯ ಸಾಲು. ಅವನ ಮನಸ್ಸಿನಲ್ಲಿ ಆಗುವುದು ಎಲ್ಲವೂ ಒಟ್ಟಿಗೆ. ಚಿತ್ರಕ್ಕೆ ಆ ಸಾಲಿನ ನಿರ್ಬಂಧವಿಲ್ಲ. ಚಲಿಸುವ ಚಿತ್ರಕ್ಕಂತೂ ಕಾಲವೂ ಕೈಯಲ್ಲಿರುತ್ತದೆ, ಹಿಗ್ಗಿಸಬಹುದು, ಕುಗ್ಗಿಸಬಹುದು.

ಈ ದಾರಿಯಲ್ಲಿ ಅವನಿಗಿಂತ ಮೊದಲೇ ನಡೆದವರಿದ್ದಾರೆ. ಜರ್ಮನಿಯ ಫ್ರಾಂಕ್‌ಫರ್ಟಿನ ಹೈನ್ರಿಕ್ ಹಾಫ್‌ಮನ್ ಎಂಬ ವೈದ್ಯ 1844ರ ಕ್ರಿಸ್ಮಸ್ಸಿಗೆ ತನ್ನ ಮೂರು ವರ್ಷದ ಮಗನಿಗೆ ಒಳ್ಳೆಯ ಪುಸ್ತಕ ಸಿಕ್ಕದೆ ತಾನೇ ಒಂದನ್ನು ಬರೆದು ಚಿತ್ರ ಹಾಕಿದ. ಮರುವರ್ಷ ಅದು ಅಚ್ಚಾಯಿತು. ಮುಂದಿನ ಮುದ್ರಣಗಳಲ್ಲಿ ಸೇರಿಕೊಂಡವರು ಇಬ್ಬರು ಹುಡುಗರು: ಊಟದ ಮೇಜಿನ ಮುಂದೆ ಕುರ್ಚಿ ತೂಗಾಡಿಸಿ ಮೇಜುಬಟ್ಟೆಯೊಂದಿಗೆ ಊಟವನ್ನೆಲ್ಲ ನೆಲಕ್ಕೆಳೆದ ಫಿಲಿಪ್, ಆಕಾಶ ನೋಡುತ್ತ ನಡೆದು ನೀರಿಗೆ ಬಿದ್ದ ಹಾನ್ಸ್. ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ವೈದ್ಯ ಇಂಥ ಮಕ್ಕಳ ಕುರಿತು ಉಪನ್ಯಾಸ ಕೊಟ್ಟಿದ್ದು 1902ರಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲೇ ಮಕ್ಕಳ ಪುಸ್ತಕದ ಬಣ್ಣದ ಚಿತ್ರದಲ್ಲಿ ಅವರಿಬ್ಬರೂ ಸಿಕ್ಕಿಬಿದ್ದಿದ್ದರು. ಆದರೆ ಹಾಫ್‌ಮನ್ನನದು ಮೇಜಿನ ಆಚೆ ಕುಳಿತ ತಂದೆಯ ನೋಟ. ಬಟ್ಟೆ ಎಳೆದದ್ದು ಕಾಣುತ್ತದೆ. ಎಳೆದವನಿಗೆ ಆ ಗಳಿಗೆ ಹೇಗಿತ್ತೆಂಬುದು ಕಾಣುವುದಿಲ್ಲ. ಫಿಲಿಪ್ಪನೇ ಪೆನ್ಸಿಲು ಹಿಡಿಯುವುದಕ್ಕೆ ಬಹಳ ಕಾಲ ಬೇಕಾಯಿತು.

ಅವನು ಹಿಡಿದದ್ದನ್ನು ನಾನು ನೋಡಿದ್ದು ಡ್ಯಾನಿ ಡೊನೊವನ್ ಎಂಬ ಅಮೆರಿಕದ ಗ್ರಾಫಿಕ್ ಡಿಸೈನರ್ ಮಹಿಳೆಯ ಒಂದು ನಕ್ಷೆಯಲ್ಲಿ. 2018ರಲ್ಲಿ ಆಕೆ ಬರೆದದ್ದು. ಆಕೆಗೂ ಇದೇ ತೊಂದರೆ. ಇತರರು ಕಥೆ ಹೇಳುವ ಬಗೆ ಮೇಲ್ಗಡೆ: ಆರಂಭದಿಂದ ಅಂತ್ಯಕ್ಕೆ ಒಂದು ನೇರ ಬಾಣ. ಕೆಳಗಡೆ ತಾನು ಹೇಳುವ ಬಗೆ: ಕಥೆಗೆ ಮುಂಚಿನ ಪೀಠಿಕೆ, ಉಪಕಥೆ, ಬೇಡದ ವಿವರ, ಎಲ್ಲಿದ್ದೆನೆಂಬುದೇ ಮರೆತ ಒಂದು ಸುಳಿ, ಹೇಗೋ ಮುಕ್ತಾಯ, ಆಮೇಲೆ ಕ್ಷಮಾಯಾಚನೆ. ನೋಡಿ ನಕ್ಕೆ, ನಕ್ಕ ಮೇಲೆ ಒಂದು ಯೋಚನೆ ಬಂತು. ದುರ್ಗಸಿಂಹನ ಪಂಚತಂತ್ರವನ್ನಾಗಲಿ ವಡ್ಡಾರಾಧನೆಯ ಕಥೆಗಳನ್ನಾಗಲಿ ಹೀಗೆ ನಕ್ಷೆ ಬರೆದರೆ ಕೆಳಗಿನ ಚಿತ್ರವೇ ಬರುತ್ತದೆ, ಕಡೆಯ ಕ್ಷಮಾಯಾಚನೆಯೊಂದನ್ನು ಬಿಟ್ಟು. ನಮ್ಮ ಹರಿಕಥೆ ದಾಸರು ಸೀತಾಸ್ವಯಂವರದ ನಡುವೆ ರೇಷನ್ ಅಂಗಡಿಗೆ ಹೋಗಿ ಬರುತ್ತಿದ್ದರು. ಯಾರೂ ಅವರನ್ನು ಹೊರಗೆ ನಿಲ್ಲಿಸಲಿಲ್ಲ. ದಾಸರು ಬಿಲ್ಲಿನ ಹತ್ತಿರಕ್ಕೆ ತಪ್ಪದೆ ಮರಳುತ್ತಿದ್ದರು ಎಂಬುದು ನಿಜ. ಆ ವ್ಯತ್ಯಾಸ ಸಣ್ಣದಲ್ಲ.

ಹಿಂದಿಯ 'ತಾರೇ ಜಮೀನ್ ಪರ್' ಚಿತ್ರವನ್ನು ವಾಚಕರಲ್ಲಿ ಹಲವರು ನೋಡಿರಬೇಕು. 2007ರದು. ಅದರ ಹುಡುಗನ ತೊಂದರೆ ಬೇರೆ, ಓದಿಗೆ ಸಂಬಂಧಪಟ್ಟದ್ದು. ಆದರೂ ಎರಡು ತೊಂದರೆಗಳೂ ಒಂದೇ ಮಗುವಿನಲ್ಲಿ ಜತೆಗೂಡುವುದು ಅಪರೂಪವಲ್ಲ. ಮೂರೊಂಬತ್ತಲ ಎಷ್ಟು ಎಂದರೆ ಆ ಹುಡುಗ ಮೂರನೆಯ ಗ್ರಹವನ್ನು ಒಂಬತ್ತನೆಯದಕ್ಕೆ ಡಿಕ್ಕಿ ಹೊಡೆಸಿ, ಉಳಿದದ್ದು ಮೂರು ಎಂದು ಬರೆದುಬಿಡುತ್ತಾನೆ. ಪ್ಲೂಟೋ ಅದಕ್ಕೆ ಒಂದು ವರ್ಷ ಮೊದಲೇ ಗ್ರಹಪದವಿ ಕಳೆದುಕೊಂಡಿತ್ತು, ಪಾಪ; ಈ ಹುಡುಗ ಅದರ ಉತ್ತರಕ್ರಿಯೆಯನ್ನೂ ಮುಗಿಸಿದ. ಆ ಒಂದು ನಿಮಿಷದ ಅನಿಮೇಶನ್ ತಪ್ಪು ಉತ್ತರದ ಹಿಂದೆ ಎಷ್ಟು ದುಡಿಮೆ ಇರಬಹುದೆಂದು ಕಾಣಿಸಿತು. ಎಷ್ಟೋ ಮಂದಿ ತಾಯಂದಿರು ಚಿತ್ರಮಂದಿರದಲ್ಲಿ ಕಣ್ಣೊರೆಸಿಕೊಂಡರು.

ಅನಿಮೇಶನ್ ಹುಟ್ಟಿದಾಗಿನಿಂದಲೂ ಈ ಮನಸ್ಸಿಗೆ ನೆಂಟನೇ. ಎಮಿಲ್ ಕೋಲ್ ಎಂಬ ಫ್ರೆಂಚನು 1908ರಲ್ಲಿ ಸುಮಾರು ಏಳುನೂರು ಚಿತ್ರ ಬರೆದು ಎರಡು ನಿಮಿಷಕ್ಕೂ ಕಡಿಮೆಯ ಒಂದು ಚಿತ್ರ ಮಾಡಿದ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಗೀಚಿದಂತೆ ಕಾಣುತ್ತದೆ. ಅದರಲ್ಲಿ ಯಾವುದೂ ತಾನಾಗಿ ಉಳಿಯುವುದಿಲ್ಲ: ಸೀಸೆ ಹೂವಾಗುತ್ತದೆ, ಹೂವಿನ ದಂಟು ಆನೆಯ ಸೊಂಡಿಲಾಗುತ್ತದೆ, ಆನೆ ಮನೆಯಾಗುತ್ತದೆ. ನಮ್ಮ ಹುಡುಗನಿಗೆ ಇದನ್ನು ತೋರಿಸಿದಾಗ ಅವನು ನಗಲಿಲ್ಲ. 'ಇದು ಹಂಗs ಅದ ಅಲ್ರಿ ಮಾಮಾ' ಎಂದ. ಯಾವುದು ಹಾಗೇ ಇದೆಯೆಂದು ನಾನು ಕೇಳಲಿಲ್ಲ.

ಅವನ ಮೊದಲ ಅನಿಮೇಶನ್ ನಡೆದದ್ದು ಕನ್ನಡ ಪಠ್ಯಪುಸ್ತಕದ ಅಂಚಿನಲ್ಲಿ. ಪುಟದ ಮೂಲೆಗೊಂದರಂತೆ ಆಡಿನ ಚಿತ್ರ. ಹೆಬ್ಬೆರಳಿನಿಂದ ಪುಟಗಳನ್ನು ಸರ್ರೆಂದು ಬಿಟ್ಟರೆ ಆಡು ನಡೆದು ಬಂದು ಪಾಠದ ಸಾಲಿಗೆ ಬಾಯಿ ಹಾಕುತ್ತದೆ. ಕನ್ನಡದ ಮೇಷ್ಟ್ರಾದ ನನಗೆ ಇದರಿಂದ ವ್ಯಥೆಯಾಗಬೇಕಿತ್ತು. ಆದರೆ ಆಡು ಮೇಯುತ್ತಿದ್ದ ಪಾಠವನ್ನು ನಾನು ಬಲ್ಲೆ. ಅದಕ್ಕೆ ಅಜೀರ್ಣವಾಗದಿರಲಿ ಎಂದಷ್ಟೇ ಹಾರೈಸಿದೆ.

ಈಗ ಮಾಡುತ್ತಿರುವುದು ದೊಡ್ಡದು. ಅಡುಗೆಮನೆಯ ಎರಡು ಹಿಟ್ಟಿನ ಡಬ್ಬಿ, ಅವುಗಳ ಮೇಲೆ ಅಡ್ಡಪಟ್ಟಿ, ಪಟ್ಟಿಗೆ ಕಟ್ಟಿದ ಅಕ್ಕನ ಫೋನು. ಕೆಳಗೆ ಹಾಳೆಯಿಟ್ಟು ಚಿತ್ರ ಬರೆದು ಫೋಟೋ. ಹಾಳೆ ತೆಗೆದು ಇನ್ನೊಂದು. ಸಿನಿಮಾದಲ್ಲಿ ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟು ಓಡಿದರೂ ಒಂದೊಂದು ಚಿತ್ರವನ್ನು ಎರಡೆರಡು ಸಲ ಹಿಡಿದರೆ ಹನ್ನೆರಡಕ್ಕೇ ಕಣ್ಣು ಒಪ್ಪುತ್ತದೆ. ನಾಲ್ವತ್ತು ಸೆಕೆಂಡಿನ ಚಿತ್ರಕ್ಕೆ ನಾನೂರ ಎಂಬತ್ತು ಹಾಳೆ. ಬೆಲ್ಲ ತರಲಾರದ ಹುಡುಗ ಇದಕ್ಕೆ ಕುಳಿತರೆ ಏಳುವುದಿಲ್ಲ. ಊಟಕ್ಕೆ ಕರೆದದ್ದು ಕೇಳುವುದಿಲ್ಲ. ತಟ್ಟೆಯ ರೊಟ್ಟಿ ಒಣಗಿ ಕಟಕಲಾಗುತ್ತದೆ. 'ಇದಕ್ಕಾದ್ರೆ ಗಮನ ಇರ್ತದ, ಓದಕ್ಕ ಇರಂಗಿಲ್ಲ. ಇದು ಸೊಕ್ಕಲ್ದ ಮತ್ತೇನು?' ಎಂದು ಊರವರು ಕೇಳುವುದು ಇಲ್ಲಿಯೇ. ಬೆಂಗಳೂರಿನ ವೈದ್ಯರು ಅದಕ್ಕೆ ಹೇಳಿದ್ದು, ಇದೂ ಅದೇ ತೊಂದರೆಯ ಇನ್ನೊಂದು ಮಗ್ಗುಲು ಎಂದು. ಹೊತ್ತಿಸುವ ಗುಂಡಿ ಅವನ ಕೈಯಲ್ಲಿಲ್ಲ, ಆರಿಸುವುದೂ ಇಲ್ಲ.

ಚಿತ್ರದಲ್ಲಿ ಒಂದು ತರಗತಿ. ಮೇಷ್ಟ್ರ ಬಾಯಿಂದ ಅಕ್ಷರಗಳ ಸಾಲು ಹೊರಟು ಕೋಣೆಯ ಉದ್ದಕ್ಕೂ ಬರುತ್ತದೆ. ಮೇಲೆ ಫ್ಯಾನು. ಒಂದು ಸುತ್ತಿಗೆ ಒಂದು ಸಲ 'ಕಟ್' ಎನ್ನುತ್ತದೆ. ಎಂದಾಗಲೆಲ್ಲ ಒಂದು ಅಂಗುಲ ದೊಡ್ಡದಾಗುತ್ತದೆ. ಹದಿನೈದನೆಯ ಸೆಕೆಂಡಿಗೆ ಮೂರು ರೆಕ್ಕೆಗಳೇ ಕೋಣೆ ತುಂಬಿ, ಮೇಷ್ಟ್ರು ಮೂಲೆಯಲ್ಲಿ ಕಡಲೆಕಾಳಿನಷ್ಟಾಗಿರುತ್ತಾರೆ. ಅಕ್ಷರದ ಸಾಲು ಬರುತ್ತಲೇ ಇರುತ್ತದೆ, ಆದರೆ ಒತ್ತಕ್ಷರಗಳು ಕಳಚಿ ಬೀಳುತ್ತವೆ, ಆಮೇಲೆ ದೀರ್ಘಗಳು. ಕಿಟಕಿಯಿಂದ ಆಡು ಬಂದು ಬಿದ್ದದ್ದನ್ನು ಮೇಯುತ್ತದೆ. ಸಾಲಿನಲ್ಲಿ ಕಟ್ಟಕಡೆಗೆ ಉಳಿಯುವುದು ಒಂದು ಪ್ರಶ್ನಾರ್ಥಕ ಚಿಹ್ನೆ. ಕೋಣೆಯ ಎಲ್ಲ ಮುಖಗಳೂ ಇತ್ತ ತಿರುಗುತ್ತವೆ. ಆಗ ಫ್ಯಾನು ನಿಲ್ಲುತ್ತದೆ.

ಆ ಫ್ಯಾನನ್ನು ಕಂಡು ನನಗೆ ನೆನಪಾದದ್ದು ನಮ್ಮ ತೊಗಲುಗೊಂಬೆ. ಕಿಳ್ಳೇಕ್ಯಾತರು ಪರದೆಯ ಹಿಂದೆ ದೀಪವಿಟ್ಟು ಆಡಿಸುವ ಗೊಂಬೆಗಳು ಎಲ್ಲವೂ ಒಂದೇ ಅಳತೆಯವಲ್ಲ. ರಾಜ ದೊಡ್ಡವನು, ಸೇವಕ ಚಿಕ್ಕವನು. ಅಂತಸ್ತಿಗೆ ತಕ್ಕ ಗಾತ್ರ. ಹುಡುಗ ಆ ಆಟವನ್ನು ನೋಡಿಯೇ ಇಲ್ಲ. ಆದರೂ ಅದೇ ವ್ಯಾಕರಣವನ್ನು ಹಿಡಿದಿದ್ದಾನೆ, ಅಂತಸ್ತಿನ ಜಾಗದಲ್ಲಿ ಗಮನವನ್ನಿಟ್ಟು. ಕೋಣೆಯಲ್ಲಿ ಯಾರು ದೊಡ್ಡವರೆಂದು ಹಾಜರಿಪುಸ್ತಕ ಹೇಳುವುದು ಒಂದು, ಅವನ ಕಿವಿ ಹೇಳುವುದು ಇನ್ನೊಂದು. ಈಗ ವೈದ್ಯರು ಕೊಟ್ಟ ಔಷಧಿ ನಡೆದಿದೆ. ಹೇಗಿದೆಯೋ ಎಂದು ಕೇಳಿದರೆ, 'ಫ್ಯಾನು ಫ್ಯಾನಿನಷ್ಟs ಆಗ್ಯಾದ್ರಿ' ಎಂದ. ಔಷಧಿಯ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ವಿವರಿಸಿಲ್ಲ.

ಇಂಥ ಮಕ್ಕಳಿಗೆ ಇದು ವರ, ದಿವ್ಯಶಕ್ತಿ ಎಂದೆಲ್ಲ ಹೊಗಳುವ ಒಂದು ಪಂಥ ಈಚೆಗೆ ಬೆಳೆದಿದೆ. ನನಗೆ ಅದರಲ್ಲಿ ನಂಬಿಕೆ ಸಾಲದು. ಕಾಲುವೆಯ ಏರಿಯ ಮೇಲೆ ಏನನ್ನೋ ನೋಡುತ್ತ ಬಿದ್ದು ಅವನು ಮುಂಗೈ ಮುರಿದುಕೊಂಡದ್ದನ್ನು ಕಂಡಿದ್ದೇನೆ. ಗೆಳೆಯರ ಮಾತಿನ ನಡುವೆ ನುಗ್ಗಿ ನುಗ್ಗಿ ಒಂಟಿಯಾದದ್ದನ್ನು ಕಂಡಿದ್ದೇನೆ. ಹಾಗೆಯೇ ಅರ್ಧ ನಿಮಿಷದ ಮೊಬೈಲ್ ಚಿತ್ರ ನೋಡಿ 'ನನಗೂ ಅದೇ ಇದೆ' ಎಂದು ಸಾರುವವರ ಹಾವಳಿಯೂ ಕಡಿಮೆಯಲ್ಲ. ಕನ್ನಡಕ ಹುಡುಕಿದವರೆಲ್ಲ ಕುರುಡರಾದಾರೆ? ಇನ್ನು ಸರಕಾರದ ಕಾಗದದಲ್ಲಿ ಈ ಹೆಸರನ್ನು ಹುಡುಕುವುದು ಬೇರೆಯೇ ಪಾಡು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಇಪ್ಪತ್ತೊಂದು ಹೆಸರುಗಳಿವೆ. ಕಲಿಕೆಯ ತೊಂದರೆಗೆ ಅಲ್ಲಿ ಜಾಗವಿದೆ, ಇದಕ್ಕೆ ಪ್ರತ್ಯೇಕವಾಗಿ ಇಲ್ಲ. ಹೀಗಾಗಿ ಹುಡುಗನ ಕಷ್ಟ ಏನೆಂದು ಪರರಿಗೆ ತಿಳಿಸುವುದಕ್ಕೆ ಮನೆಯಲ್ಲಿದ್ದ ಅತ್ಯಂತ ಗಟ್ಟಿ ದಾಖಲೆ ಆ ಹಾಳೆಗಳ ಕಟ್ಟು.

ಅದನ್ನು ಭಾವನವರಿಗೆ ತೋರಿಸಬೇಕೆಂದು ಅಕ್ಕನ ಹಟ. ಭಾವನವರು ಒಳ್ಳೆಯ ಬೇಸಾಯಗಾರರು, ಆದರೆ ಅವರ ಜಗುಲಿಯ ಮೇಲೆ ಬಿಚ್ಚಿಟ್ಟ ಪಂಪಿನ ಮೋಟಾರುಗಳು ಮೂರು ಇವೆ. ಒಂದಂತೂ ಹುಡುಗನಿಗಿಂತ ಹಿರಿದು. ದೀಪಾವಳಿಯ ಮರುದಿನ ಊಟವಾದ ಮೇಲೆ ಫೋನನ್ನು ಅವರ ಕೈಗೆ ಕೊಟ್ಟೆವು. ಆಗ ಆಗಿದ್ದದ್ದು ಮೂವತ್ತೊಂದು ಸೆಕೆಂಡು ಮಾತ್ರ. ನೋಡಿದರು. ಮತ್ತೊಮ್ಮೆ ನೋಡಿದರು. ಮೂರನೆಯ ಸಲ ಫೋನನ್ನು ಕಿವಿಯ ಹತ್ತಿರ ಹಿಡಿದು ಫ್ಯಾನಿನ 'ಕಟ್' ಮಾತ್ರ ಕೇಳಿದರು. ಆಮೇಲೆ ಮಗನ ಕಡೆ ತಿರುಗಿ, 'ಏನೋ, ನಿನಗೂ ಇಷ್ಟು ದೊಡ್ಡದು ಕಾಣ್ತದೇನು?' ಎಂದರು.

ಆ 'ನಿನಗೂ' ಎಂಬ ಶಬ್ದದ ಕೊನೆಯ ಊಕಾರ ಅಕ್ಕನಿಗೂ ಕೇಳಿತು. ಅವಳು ಎಲೆ ಅಡಿಕೆಯ ತಟ್ಟೆ ತರುವ ನೆವದಿಂದ ಒಳಗೆ ಹೋದಳು. ಹುಡುಗ ಮಾತ್ರ ಅದರಲ್ಲಿ ವಿಶೇಷವೇನೂ ಕಾಣದವನಂತೆ, 'ಹೂಂ ಅಪ್ಪ, ಆಮ್ಯಾಲ ಇನ್ನಾ ದೊಡ್ಡದು ಆಗ್ತದ, ಅದು ಇನ್ನಾ ಬರದಿಲ್ಲ' ಎಂದು ಅಪ್ಪನ ಮಗ್ಗುಲಿಗೆ ಹೋಗಿ ಕುಳಿತ.

ಗೊಬ್ಬರದಂಗಡಿಯ ಮಾತು ಸದ್ಯಕ್ಕೆ ನಿಂತಿದೆ. ಪಿ.ಯು. ದಾಟಿದರೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿದೆ, ಕಲಬುರಗಿಯಲ್ಲೂ ಚಿತ್ರಕಲೆ ಕಲಿಸುವ ಕಾಲೇಜುಗಳಿವೆ ಎಂದು ನಾನು ಒಂದು ಕಾಗದದಲ್ಲಿ ಬರೆದು ಕೊಟ್ಟು ಬಂದೆ. ದಾಟುತ್ತಾನೆಯೇ ಎಂದು ಭಾವನವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಉಳಿದದ್ದು ಒಂಬತ್ತು ಸೆಕೆಂಡು. ಸೆಕೆಂಡಿಗೆ ಹನ್ನೆರಡರಂತೆ ನೂರೆಂಟು ಹಾಳೆ. ನೂರೆಂಟು ಕೆಲಸವೆಂದು ನಾವು ಸುಮ್ಮನೆ ಆಡುವ ಮಾತು ಆ ಮನೆಯಲ್ಲಿ ಈಗ ನಿಜವಾದ ಲೆಕ್ಕವಾಗಿದೆ. ನಡುವೆ ಹುಡುಗ ಎರಡು ವಾರ ಇದನ್ನು ಬಿಟ್ಟು ಮೋಟಾರಿನ ಚಿತ್ರ ಶುರುಮಾಡಿದ್ದನಂತೆ. ಭಾವನವರು ದಿನವೂ ರಾತ್ರಿ ಹೊಲದಿಂದ ಬಂದು ಕೈಕಾಲು ತೊಳೆದು, ಹಿಟ್ಟಿನ ಡಬ್ಬಿಗಳ ಪಕ್ಕದಲ್ಲಿ ಕುಳಿತು ಹಾಳೆ ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಮೊನ್ನೆ ಫೋನು ಮಾಡಿದಾಗ ಅರವತ್ತೆರಡು ಬಾಕಿ ಎಂದರು.